ಟೊರೊಂಟೊ ಮನೆ ಬೆಲೆ: ಮನೆಮಂದಿ ಗುಂಪಿನಲ್ಲಿ ನಡೆದ ಮಾತು

ದೊಡ್ಡಪ್ಪ: ಈ ಸುದ್ದಿ ನೋಡಿ. ಟೊರೊಂಟೊ ಸುತ್ತಮುತ್ತ ಹಳೇ ಮನೆಗಳ ಬೆಲೆ ಬಿದ್ದುಹೋಗಿದೆ. ಪಕ್ಕದ ಊರು ಮಿಸ್ಸಿಸಾಗದಲ್ಲಿರುವವರು ಈಗಲೇ ಒಂದು ಕಾಂಡೋ, ಅಂದರೆ ಅಪಾರ್ಟ್‌ಮೆಂಟ್ ಫ್ಲ್ಯಾಟ್, ತೆಗೆದುಕೊಂಡುಬಿಡಿ.

ಭಾವ: ಬೆಲೆ ಏರಿದ್ದಾಗ ಮುಗಿಬಿದ್ದು ಕೊಂಡವರಿಗೆ ಸರಿಯಾಗಿ ಆಯಿತು. ದುರಾಸೆ ಅಷ್ಟೇ.

ನಾನು: ಭಾವ, ಆ ಮೆಸೇಜ್ ದಯವಿಟ್ಟು ಅಳಿಸಿ. ಹಾಗೆ ಕೊಂಡವರು ಈ ಗುಂಪಿನಲ್ಲೂ ಇದ್ದಾರೆ. 2022ರ ಫೆಬ್ರವರಿಯಲ್ಲಿ ಇಲ್ಲಿ ಮನೆಯ ಸರಾಸರಿ ಬೆಲೆ 13 ಲಕ್ಷ ಡಾಲರ್ ದಾಟಿತ್ತು. ಇಲ್ಲಿನ ಕೇಂದ್ರ ಬ್ಯಾಂಕ್ ಆದ ಬ್ಯಾಂಕ್ ಆಫ್ ಕೆನಡಾದ ಬಡ್ಡಿ ದರ ಆಗ ಬರೀ 0.25%. ಬಾಡಿಗೆ ಕಟ್ಟಿ ಕಟ್ಟಿ ಸುಸ್ತಾದವರು, ಇನ್ನು ತಡ ಮಾಡಿದರೆ ಈ ಜನ್ಮದಲ್ಲಿ ಸಿಗುವುದಿಲ್ಲ ಅಂತ ಹೆದರಿ ಕೊಂಡರು. 2023ರ ಜುಲೈ ಹೊತ್ತಿಗೆ ಅದೇ ದರ 5% ಆಯಿತು. ಇದರಲ್ಲಿ ದುರಾಸೆ ಎಲ್ಲಿದೆ?

ಭಾವ: ಮಾರದಿದ್ದರೆ ನಷ್ಟವೇ ಇಲ್ಲವಲ್ಲ. ಸುಮ್ನೆ ಇಟ್ಟುಕೊಳ್ಳಲಿ.

ನಾನು: ವಾಸಕ್ಕಿರುವವರು ಹೇಗೋ ಇಟ್ಟುಕೊಳ್ಳಬಹುದು. ಕಟ್ಟುವ ಮೊದಲೇ ಬುಕ್ ಮಾಡಿದವರ ಪಾಡು ಬೇರೆ. ಲೆಕ್ಕಕ್ಕೆ ಹೇಳುತ್ತೇನೆ. 2021ರಲ್ಲಿ 7 ಲಕ್ಷಕ್ಕೆ ಬುಕ್ ಮಾಡಿ 20%, ಅಂದರೆ 1.4 ಲಕ್ಷ ಕಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಕೀ ಕೊಡುವ ಹೊತ್ತಿಗೆ ಬ್ಯಾಂಕಿನವರು ಅದೇ ಮನೆಗೆ 5.5 ಲಕ್ಷ ಬೆಲೆ ಕಟ್ಟುತ್ತಾರೆ. ಅದರ 80%, ಅಂದರೆ 4.4 ಲಕ್ಷ ಮಾತ್ರ ಸಾಲ. ಬಿಲ್ಡರ್‌ಗೆ ಪೂರ್ತಿ 7 ಲಕ್ಷವೇ ಬೇಕು. ಉಳಿದ 1.2 ಲಕ್ಷ ಕೈಯಿಂದ ಹಾಕಬೇಕು. ಆಗದಿದ್ದರೆ ಕಟ್ಟಿದ ಹಣವೂ ಹೋಗುತ್ತದೆ. ಬಿಲ್ಡರ್ ಆಮೇಲೆ ಕಡಿಮೆಗೆ ಮಾರಿದರೆ ಆ ವ್ಯತ್ಯಾಸ ಕೊಡಿ ಅಂತ ಕೇಸೂ ಹಾಕಬಹುದು.

ಅತ್ತಿಗೆ: ಅಯ್ಯೋ, ಚಿಕ್ಕಮ್ಮನ ಮಗ ಊರಿನ ಸೈಟು ಮಾರಿದ್ದು ಇದಕ್ಕೇನಾ?

ನಾನು: ಅದನ್ನು ಅವನೇ ಹೇಳಲಿ ಅತ್ತಿಗೆ.

ದೊಡ್ಡಪ್ಪ: ಅದಕ್ಕೇ ಈಗ ಕೊಳ್ಳಿ ಅಂದೆ. ಅಗ್ಗ ಅಲ್ವಾ?

ನಾನು: ಇಲ್ಲಿ ಗಿರಾಕಿಯಿಲ್ಲದೆ ಕೂತಿರುವುದು ಸಣ್ಣ ಕಾಂಡೋಗಳು ದೊಡ್ಡಪ್ಪ. 500 ಚದರಡಿ, ಒಂದೇ ರೂಮು, ಸೋಫಾ ಪಕ್ಕದಲ್ಲೇ ಒಲೆ. ಬಾಡಿಗೆಗೆ ಬಿಡುವವರನ್ನು ನಂಬಿ ಕಟ್ಟಿದವು. 2024ರಲ್ಲಿ ಕೆನಡಾ ಸರ್ಕಾರ ವಿದೇಶಿ ವಿದ್ಯಾರ್ಥಿಗಳಿಗೆ ಮಿತಿ ಹಾಕಿತು, ಬಾಡಿಗೆಯೂ ಇಳಿಯಿತು. ತಿಂಗಳ ಮೇಂಟೆನೆನ್ಸ್ ಮಾತ್ರ ಇಳಿಯುವುದಿಲ್ಲ. ಎರಡು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿ ಹೇಗೆ ಇರುವುದು? ನಮಗೆ ಬೇಕಾದ ಮೂರು ರೂಮಿನ ಮನೆ ಇಂದಿಗೂ ಕೈಗೆಟುಕುವ ಹಾಗಿಲ್ಲ.

ದೊಡ್ಡಪ್ಪ: ಹಾಗಾದರೆ ಇನ್ನೆಷ್ಟು ದಿನ ಬಾಡಿಗೆ ಮನೆ?

ನಾನು: ಇಬ್ಬರಲ್ಲಿ ಒಬ್ಬರ ಕೆಲಸ ಹೋದರೂ ಕಂತು ಕಟ್ಟಬಹುದು ಅನ್ನಿಸುವವರೆಗೆ. ಸಾಲ ತೀರಿಸುವವರು ನಾವು, ಸುದ್ದಿ ಬರೆದವರಲ್ಲ.