ಮೂಕಿ ಚಿತ್ರಗಳ ಅಭಿನಯ ಅತಿಯೆನಿಸುವುದೇಕೆ?

ಹೊಸ ಪ್ರೇಕ್ಷಕ:
ಕೆಲವು ವಾರಗಳಿಂದ 1920ರ ದಶಕದ ಮೂಕಿ ಚಿತ್ರಗಳನ್ನು ನೋಡುತ್ತಿದ್ದೇನೆ. ಚಾಪ್ಲಿನ್ ಅವರನ್ನು ಬಿಟ್ಟರೆ ಉಳಿದ ನಟರಲ್ಲಿ ಹೆಚ್ಚಿನವರು ಕಣ್ಣರಳಿಸಿ, ಎದೆ ಬಡಿದುಕೊಂಡು, ಸದಾ ಗಡಿಬಿಡಿಯಲ್ಲಿರುವಂತೆ ಕಾಣುತ್ತಾರೆ. ಇಂಥ ಅಭಿನಯವನ್ನು ಬಲ್ಲವರು ಹೊಗಳುವುದು ಹಳೆಯದರ ಮೇಲಿನ ಮಮತೆಯಿಂದಲೇ, ಅಥವಾ ನಾನು ನೋಡುವ ಕ್ರಮದಲ್ಲಿಯೇ ಕೊರತೆಯಿದೆಯೇ?

ರೀಲುಗಾರ:
ತಾವು ನೋಡಿದ ಪ್ರತಿ ಎಂಥದ್ದು ಎಂಬುದನ್ನು ಮೊದಲು ಗಮನಿಸಬೇಕು. ಆ ಕಾಲದ ಕ್ಯಾಮೆರಾಗಳನ್ನು ಬಹುಮಟ್ಟಿಗೆ ಕೈಯಿಂದಲೇ ತಿರುಗಿಸುತ್ತಿದ್ದುದರಿಂದ ವೇಗ ಒಂದೇ ಸಮನಾಗಿರುತ್ತಿರಲಿಲ್ಲ. ಸೆಕೆಂಡಿಗೆ 16ರಿಂದ 20 ಫ್ರೇಮುಗಳಷ್ಟು, ಅಂದರೆ ಅಷ್ಟು ಬಿಡಿ ಚಿತ್ರಗಳನ್ನು, ಚಿತ್ರಿಸುವುದು ಸಾಮಾನ್ಯವಾಗಿತ್ತು. ಧ್ವನಿ ಬಂದ ಮೇಲೆ 24 ಫ್ರೇಮು ನಿಯಮವಾಯಿತು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಚಲನೆ ಒಂದೂವರೆ ಪಟ್ಟು ಚುರುಕಾಗಿ, ದುಃಖದಿಂದ ಮೆಲ್ಲನೆ ಎತ್ತಿದ ಕೈ ಯಾರನ್ನೋ ಹೊಡೆಯಲು ಎತ್ತಿದಂತೆ ತೋರುತ್ತದೆ. ಹಾಸ್ಯ ಚಿತ್ರಗಳಲ್ಲಿ ಬೇಕೆಂದೇ ವೇಗ ಹೆಚ್ಚಿಸುತ್ತಿದ್ದರು ಎನ್ನುವುದು ಬೇರೆ ಮಾತು.

ಸ್ತಬ್ಧಚಿತ್ರ:
ವೇಗದ ವಿಚಾರ ನಿಜ, ಆದರೆ ಎಲ್ಲ ತಪ್ಪನ್ನೂ ಯಂತ್ರದ ತಲೆಗೆ ಕಟ್ಟಲಾಗದು. ಅತಿಯಾಗಿ ನಟಿಸಿದವರು ಆಗಲೂ ಇದ್ದರು. ಅದಕ್ಕೆ ವಿರುದ್ಧವಾದುದನ್ನು ನೋಡಬೇಕಾದರೆ ಹಾಸ್ಯನಟ ಬಸ್ಟರ್ ಕೀಟನ್ ಅವರನ್ನು ನೋಡಿ. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದಲ್ಲಿ ಮನೆಯ ಮುಂಭಾಗದ ಗೋಡೆ ಇಡಿಯಾಗಿ ಅವರ ಮೇಲೆ ಉರುಳುತ್ತದೆ, ಅವರು ಸರಿಯಾಗಿ ಕಿಟಕಿಯ ಕಂಡಿ ಬೀಳುವ ಜಾಗದಲ್ಲಿ ನಿಂತಿದ್ದುದರಿಂದ ಉಳಿಯುತ್ತಾರೆ. ಅದು ಕ್ಯಾಮೆರಾದ ಕಣ್ಕಟ್ಟಲ್ಲ, ಗೋಡೆ ನಿಜವಾಗಿಯೂ ಬಿದ್ದದ್ದು. ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗದು. ಅದೇ ವರ್ಷದ, ಕಾರ್ಲ್ ಡ್ರೇಯರ್ ನಿರ್ದೇಶಿಸಿದ ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ ಚಿತ್ರದಲ್ಲಿ ಜೋನ್ ಪಾತ್ರದ ನಟಿ ಫಾಲ್ಕೊನೆಟ್ಟಿ ಮೇಕಪ್ ಇಲ್ಲದ ಮುಖದಿಂದಲೇ ಜೋನ್‌ಳ ಇಡೀ ವಿಚಾರಣೆಯನ್ನು ಹೊತ್ತು ನಿಂತಿದ್ದಾರೆ. ನನ್ನ ಮಟ್ಟಿಗೆ ಚಾಪ್ಲಿನ್ ಅವರಿಗಿಂತ ಇವರಿಬ್ಬರೂ ಒಂದು ಕೈ ಮೇಲು.

ಕೊನೆಯ ಸಾಲಿನವನು:
ಫಾಲ್ಕೊನೆಟ್ಟಿ ಅವರ ಬಗ್ಗೆ ತಕರಾರಿಲ್ಲ, ಆದರೆ ಕೀಟನ್ ಅವರ ಸಾಹಸಕ್ಕೆ ಬೆರಗಾಗುವ ನಾನು ಅವರಿಗಾಗಿ ಕಣ್ಣೀರು ಹಾಕಿದ್ದಿಲ್ಲ. ಟಾಕಿ ಚಿತ್ರಗಳು ಎಲ್ಲೆಡೆ ಹರಡಿದ್ದ 1931ರಲ್ಲಿ ಚಾಪ್ಲಿನ್ ಹಟ ಹಿಡಿದು ‘ಸಿಟಿ ಲೈಟ್ಸ್’ ಚಿತ್ರವನ್ನು ಸಂಭಾಷಣೆಯಿಲ್ಲದೆಯೇ ತೆರೆಗೆ ತಂದರು. ಕುರುಡಿಯಾಗಿದ್ದು ದೃಷ್ಟಿ ಮರಳಿದ ಹೂವಾಡಗಿತ್ತಿ ಚಾಪ್ಲಿನ್ ಅಭಿನಯಿಸಿದ ಅಲೆಮಾರಿಯ ಕೈ ಮುಟ್ಟಿದಾಗಷ್ಟೇ ಅವನಾರೆಂದು ಅರಿಯುವ ಕೊನೆಯ ದೃಶ್ಯದಲ್ಲಿ, ಆತ ಬೆರಳನ್ನು ತುಟಿಯ ಬಳಿ ಹಿಡಿದು ನಾಚಿಕೆಯನ್ನೂ ಭಯವನ್ನೂ ಒಟ್ಟಿಗೇ ತೋರುತ್ತಾನೆ. ಇದರಲ್ಲಿ ಅತಿ ಎಲ್ಲಿದೆ?

ಹೊಸ ಪ್ರೇಕ್ಷಕ:
ಎಲ್ಲರಿಗೂ ಧನ್ಯವಾದಗಳು. ನಾನು ನೋಡಿದ್ದ ಚಿತ್ರವೊಂದರ ವೇಗವನ್ನು ಮುಕ್ಕಾಲು ಪಾಲಿಗೆ ಇಳಿಸಿ ಮತ್ತೆ ನೋಡಿದೆ. ನಾಯಕಿ ಎದೆ ಬಡಿದುಕೊಳ್ಳುತ್ತಿರಲಿಲ್ಲ, ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಳಷ್ಟೆ. ಖಳನಾಯಕ ಮಾತ್ರ ಈಗಲೂ ಕಣ್ಣರಳಿಸುತ್ತಲೇ ಇದ್ದಾನೆ.