ಕೈವಾರದ ವಿಷಯ ಹೇಳಲೋ ಬೇಡವೋ?

ಟೀಚರಮ್ಮ:
ನಾನು ಸರ್ಕಾರಿ ಶಾಲೆ ಟೀಚರ್. ನನ್ನ ಹತ್ತಿರ ಎರಡು ವರ್ಷ ಓದಿದ ಹುಡುಗ ಈಗ ವೀಕ್ಷಣಾಲಯದಲ್ಲಿದ್ದಾನೆ, ಅದೇ ಕೇಸು ನಡೆಯುವಾಗ ಮಕ್ಕಳನ್ನು ಇಡುವ ಜಾಗ. ಬಾರ್ ಮುಂದೆ ಜಗಳವಾಗಿ ಇನ್ನೊಬ್ಬನಿಗೆ ಚಾಕು ಹಾಕಿದ್ದಾನೆ. 17 ವರ್ಷ. ಪ್ರೊಬೇಷನ್ ಆಫೀಸರ್ ಫೋನ್ ಮಾಡಿದ್ದರು, ಅವನ ಬಗ್ಗೆ ಗೊತ್ತಿರುವುದೆಲ್ಲ ಹೇಳಬೇಕಂತೆ.

ಹೇಳುವುದೇನೋ ಬೇಕಾದಷ್ಟಿದೆ. ಅಪ್ಪ ಲಾರಿ ಕ್ಲೀನರ್, ಬಂದರೆ ಬಂದ. ಅಮ್ಮ ಕೆಲಸಕ್ಕೆಂದು ಹೋದವಳು ತಿರುಗಿ ಬರಲಿಲ್ಲ. ಅಜ್ಜಿಗೆ ಕಣ್ಣು ಮಂಜು. ಶಾಲೆಗೆ ಸೇರುವ ವಯಸ್ಸೂ ಆಗದ ತಂಗಿ. ಬಿಸಿಯೂಟದ ಅನ್ನವನ್ನು ಇವನು ಜಾಮಿಟ್ರಿ ಬಾಕ್ಸಿಗೆ ತುಂಬಿಕೊಳ್ಳುತ್ತಿದ್ದ. ಸ್ಕೇಲು, ಕೈವಾರ ಎಲ್ಲ ಚಡ್ಡಿ ಜೇಬಿಗೆ. ಮುಚ್ಚಳದ ಸಂದಿಯಲ್ಲಿ ಸೋರಬಾರದು ಅಂತ ಬೆರಳಲ್ಲಿ ಒತ್ತಿ ಒತ್ತಿ ತುಂಬುತ್ತಿದ್ದ. ತಂಗಿಗೆ.

ಒಂದಿನ ಯಾರೋ ಆ ಬಾಕ್ಸನ್ನು ಒದ್ದರು. ಇವನು ಜೇಬಿಂದ ಕೈವಾರ ತೆಗೆದು ಅವನ ತೊಡೆಗೆ ಚುಚ್ಚಿಬಿಟ್ಟ. ನಾನು ಹಿಂದುಮುಂದು ಕೇಳದೆ ಇವನಿಗೇ ನಾಲ್ಕು ಬಾರಿಸಿದೆ. ಮನೆಯವರನ್ನು ಕರ್ಕೊಂಡು ಬಾ ಅಂದೆ. ಕರೆತರೋಕೆ ಯಾರಿದ್ದರು? ಶಾಲೆಗೆ ಬರುವುದನ್ನೇ ಬಿಟ್ಟ. ಮಕ್ಕಳ ಸಹಾಯವಾಣಿ 1098 ಅಂತ ನಮ್ಮ ಗೋಡೆ ಮೇಲೇ ಬರೆದಿತ್ತು. ಫೋನ್ ಮಾಡಲಿಲ್ಲ ನಾನು.

ಈಗ ಇದನ್ನು ಹೇಳಿದರೆ, ಚಿಕ್ಕಂದಿನಿಂದಲೂ ಹೀಗೇ ಅಂತ ದೊಡ್ಡವರ ಹಾಗೆ ವಿಚಾರಣೆಗೆ ಕಳಿಸಿಬಿಡುತ್ತಾರಾ?

ಕರಿಕೋಟು:
ಊರಿನ ಹೆಸರು ಹಾಕದೆ ಒಳ್ಳೇದು ಮಾಡಿದಿರಿ ಮೇಡಂ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಹುಡುಗನ ಗುರುತು ಸಿಗುವಂಥದ್ದು ಏನನ್ನೂ ಪ್ರಕಟಿಸುವ ಹಾಗಿಲ್ಲ.

ಚಾಕು ಬಿದ್ದವನು ಬದುಕಿದ್ದಾನಾ? ಎಲ್ಲ ನಿಂತಿರುವುದು ಅದರ ಮೇಲೆ. 16 ದಾಟಿದವರನ್ನು ದೊಡ್ಡವರ ಹಾಗೆ ವಿಚಾರಿಸಬೇಕಾ ಅನ್ನೋ ಪ್ರಶ್ನೆ ಬರುವುದು ಕನಿಷ್ಠ ಶಿಕ್ಷೆಯೇ 7 ವರ್ಷ ಇರುವ 'ಘೋರ' ಅಪರಾಧಗಳಿಗೆ ಮಾತ್ರ. ಕೊಲೆ ಅದರಲ್ಲಿ ಬರುತ್ತದೆ. ಕೊಲೆಯತ್ನಕ್ಕೆ ಶಿಕ್ಷೆ ದೊಡ್ಡದೇ, ಆದರೆ ಕನಿಷ್ಠ ಇಷ್ಟು ಅಂತ ಇಲ್ಲ. ಇಂಥವನ್ನು 'ಗಂಭೀರ' ಎಂದಷ್ಟೇ ನೋಡಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2021ರ ತಿದ್ದುಪಡಿಯಲ್ಲೂ ಅದು ಬಂತು. ಹಾಗಾಗಿ ಬಾಲನ್ಯಾಯ ಮಂಡಳಿಯಲ್ಲೇ ಮುಗಿಯುತ್ತದೆ. ಹೆಚ್ಚೆಂದರೆ, ತಪ್ಪು ಮಾಡಿದ ಮಕ್ಕಳನ್ನು ಇಡುವ ವಿಶೇಷ ಗೃಹದಲ್ಲಿ 3 ವರ್ಷ.

ಅಣ್ಣ_ನಾನೇ:
ನನ್ನ ತಮ್ಮನಿಗೂ ಹೀಗೇ ಚಾಕು ಬಿದ್ದಿತ್ತು. ಎಡಗೈ ಎರಡು ಬೆರಳು ಇವತ್ತಿಗೂ ಮಡಚೋಕೆ ಆಗಲ್ಲ. ನಿಮ್ಮ ಹುಡುಗ ಹೇಗೆ ಬೆಳೆದ ಅಂತ ಕೇಳಿಕೊಂಡು ನಮ್ಮನೆಗೆ ಯಾವ ಆಫೀಸರೂ ಬರಲಿಲ್ಲ. ನಾವೂ ಗಂಜಿ ಕುಡಿದೇ ಬೆಳೆದವರು ಮೇಡಂ.

ಹಗಲುಪಾಳಿ:
ಅವರ ಸಿಟ್ಟು ನ್ಯಾಯವೇ. ಕೇಳುವವರಿಲ್ಲದೆ ಬೆಳೆದ ಮಕ್ಕಳಲ್ಲಿ ಬಹುತೇಕರು ಯಾರಿಗೂ ಚಾಕು ಹಾಕುವುದಿಲ್ಲ. ಅಮೆರಿಕದಲ್ಲಿ ಕ್ಯಾಥಿ ವಿಡಮ್ ಅನ್ನೋ ಸಂಶೋಧಕಿ ಏಟು ತಿಂದ, ಕೇಳುವವರಿಲ್ಲದ 908 ಮಕ್ಕಳ ದಾಖಲೆ ನೋಡಿ 1989ರಲ್ಲಿ ಬರೆದಾಗಲೂ ಇದೇ ಕಂಡಿತ್ತು. ಆದರೆ ಏಟು ತಿಂದವರಲ್ಲಿ ಅಷ್ಟೇ ಅಲ್ಲ, ಸುಮ್ನೆ ಯಾರೂ ನೋಡಿಕೊಳ್ಳದೆ ಬೆಳೆದವರಲ್ಲೂ ಹಿಂಸೆಯ ಕೇಸು ಉಳಿದ ಮಕ್ಕಳಿಗಿಂತ ಜಾಸ್ತಿ ಇತ್ತು.

ನಾನು ವೀಕ್ಷಣಾಲಯದಲ್ಲಿ ಕೌನ್ಸೆಲರ್ ಆಗಿದ್ದೆ. ಹೊಸದಾಗಿ ಬಂದ ಹುಡುಗರು ಚಪಾತಿಯನ್ನು ದಿಂಬಿನ ಕವರಿನಲ್ಲಿ ಬಚ್ಚಿಡುತ್ತಿದ್ದರು. ನಾಳೆಯೂ ಊಟ ಇದೆ ಅಂತ ನಂಬೋಕೆ ಅವರಿಗೆ ವಾರಗಟ್ಟಲೆ ಬೇಕು. ಕೈವಾರದ್ದು ಹೇಳಿ. ಅನ್ನದ್ದೂ ಹೇಳಿ. ನೀವು ಹೊಡೆದಿದ್ದನ್ನೂ ಸೇರಿಸಿ, ಬೇಜಾರು ಮಾಡಿಕೊಳ್ಳಬೇಡಿ. ಅಂದ ಹಾಗೆ ಆ ತಂಗಿ ಈಗ ಎಲ್ಲಿದ್ದಾಳೆ?

ಟೀಚರಮ್ಮ:
ಚಾಕು ಬಿದ್ದ ಹುಡುಗ ಐಸಿಯುನಿಂದ ವಾರ್ಡಿಗೆ ಬಂದಿದ್ದಾನಂತೆ. ಅವನನ್ನೂ ನೋಡಿಕೊಂಡು ಬರಬೇಕು ಅನಿಸಿದ್ದು ಅಣ್ಣ_ನಾನೇ ಅವರ ಮಾತು ಓದಿದ ಮೇಲೆ. ಇನ್ನೂ ಧೈರ್ಯ ಬಂದಿಲ್ಲ.

ತಂಗಿಯ ಬಗ್ಗೆ ನನಗೂ ಹೊಳೆದಿರಲಿಲ್ಲ. ಸಂಜೆ ಹೋಗಿದ್ದೆ. ಐದನೇ ಕ್ಲಾಸಲ್ಲಿರಬೇಕಾದವಳು, ಜನವರಿಯಿಂದ ಶಾಲೆಗೇ ಹೋಗಿಲ್ಲ. ಅಲ್ಲೇ ಬಾಗಿಲಲ್ಲಿ ನಿಂತು 1098ಕ್ಕೆ ಫೋನ್ ಮಾಡಿದೆ.

ಆಫೀಸರ್ ನಾಳೆ ಹನ್ನೊಂದಕ್ಕೆ ಬರುತ್ತಾರೆ. ಹಳೇ ಹಾಜರಿ ಪುಸ್ತಕ ಹುಡುಕಿ ಇಟ್ಟಿದ್ದೇನೆ. ಅಲ್ಲಲ್ಲಿ ಬೇಕಾದಷ್ಟು ಗೈರಿದೆ. ಸೋಮವಾರ ಮಾತ್ರ ಒಂದೂ ತಪ್ಪಿಸಿಲ್ಲ.