ಮಾಜಿ ಸೈನಿಕರ ಮನೆಯವರಿಗೆ ಆತ್ಮಹತ್ಯೆ ತಡೆ ತರಬೇತಿ: ಏನೇನು ಕಲಿಸಬೇಕ್ರಿ?

ಬೈಲಹೊಂಗಲದಿಂದ:
ಮಾಜಿ ಸೈನಿಕರ ಮನೆಯವರಿಗೆ, ಗೆಳೆಯರಿಗೆ ಅರ್ಧ ದಿನದ ತರಬೇತಿ ಇಡೋದೈತ್ರಿ. ಭಾಷಣ ಬ್ಯಾಡ. ಮುಖ್ಯವಾಗಿ ಏನು ಕಲಿಸಬೇಕು?

ಬೆಳಗಾವಿ ಕ್ಯಾಂಪ್:
ನೇರವಾಗಿ ಕೇಳೋದನ್ನ. "ಸಾಯಬೇಕು ಅನ್ನೋ ವಿಚಾರ ಬಂದೈತೇನ್ರಿ?" ಅಂತ ಇಬ್ಬಿಬ್ಬರನ್ನ ಎದುರುಬದುರು ಕೂಡಿಸಿ ಬಾಯಿಬಿಟ್ಟು ಹೇಳಸ್ರಿ. ಕೇಳಿದ್ರ ಇಲ್ಲದ ವಿಚಾರ ತಲಿಗೆ ಹೊಗೋದಿಲ್ಲ. "ಅಂಥಾದ್ದೇನೂ ಇಲ್ಲಲ್ಲ?" ಅಂದ್ರ ಕೆಟ್ಟಿತು, "ಇಲ್ಲ" ಅಂತನ ಉತ್ತರ ಬರತೈತಿ. "ಫೌಜಿ ಆಗಿ ಹಿಂಗಂತೀರಾ" ಅಂದ್ರಂತೂ ಮುಗೀತು. ಗುಟ್ಟಾಗಿ ಇಡ್ತೀನಂತ ಮಾತು ಕೊಡಬ್ಯಾಡ್ರಿ.

ಜಮಖಂಡಿಯಿಂದ:
"ಹೌದು" ಅಂದ್ರ ಒಬ್ಬರನ್ನೇ ಬಿಡಬಾರದು. ಲೈಸೆನ್ಸ್ ಬಂದೂಕು ಇದ್ರ ಠಾಣೆಗೆ ಜಮಾ ಮಾಡಸ್ರಿ, ಹೊಲಕ್ಕ ಹೊಡಿಯೋ ಎಣ್ಣಿ (ಕೀಟನಾಶಕ) ಬೇರೆಯವರ ಮನಿಗೆ ಸಾಗಸ್ರಿ. ಮನಿಯೊಳಗ ಬಚ್ಚಿಟ್ರ ಅವರಿಗೆ ಜಾಗ ಗೊತ್ತಿರತೈತಿ. ಸಾಯಬೇಕನ್ನೋ ಆವೇಗ ಬಹಳ ಸಲ ಸ್ವಲ್ಪ ಹೊತ್ತಿಂದು, ಅದನ್ನ ದಾಟಿಸೋದೇ ಕೆಲಸ.

ವಿಜಯಪುರದಿಂದ:
ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416: ಹಗಲು ರಾತ್ರಿ, ಉಚಿತ, ಕನ್ನಡದಾಗೂ ಮಾತಾಡ್ತಾರ. ಮನಿಯವರೂ ಫೋನ್ ಮಾಡಬಹುದು. ಜೀವಕ್ಕ ಕೂಡಲೇ ಅಪಾಯ ಅನಿಸಿದ್ರ 112. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದವರಿಗೆ ಅದರ ಪಾಲಿಕ್ಲಿನಿಕ್‌ನಿಂದ ಮನೋವೈದ್ಯರಿಗೆ ರೆಫರಲ್ ಸಿಗತೈತಿ. ಚೀಟಿ ಕೈಗಿಟ್ಟು ಕಳಸಬ್ಯಾಡ್ರಿ, ಜೋಡಿ ಹೋಗ್ರಿ. ಪೊಲೀಸ್ ಕೇಸ್ ಆದೀತು ಅಂತ ಮುಚ್ಚಿಡೋರು ಭಾಳ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಂ ಪ್ರಕಾರ, ಬ್ಯಾರೆ ಏನಾರ ಸಾಬೀತಾಗದ ಹೊರತು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಾಗ ಇದ್ರು ಅಂತ ತಿಳಿದು ಶಿಕ್ಷೆ ಕೊಡೋ ಹಂಗಿಲ್ಲ.